ಹಾರ್ಮೋನಿಯಂ ಹತ್ತಿದ ಬೆಟ್ಟ

ಬಸುರಿಗೆ ಹುಣಸೆಕಾಯಿ ಬೇಕೆನಿಸುತ್ತದೆ, ಮಾವಿನಕಾಯಿ ಬೇಕೆನಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದ್ಯಾವುದೂ ಬೇಡವಾಗಿತ್ತು. ನನಗೆ ಬೇಕಿದ್ದದ್ದು ಒಂದು ಭಾನುವಾರ. ಬೆಳಿಗ್ಗೆ ಬೇಗ ಎದ್ದು, ಫ್ಲಾಸ್ಕಿಗೆ ಕಾಫಿ ತುಂಬಿ, ಗಂಡ ಸುರೇಶನ ಬೈಕಿನ ಹಿಂದೆ ಕೂತು, ಎಲ್ಲಿಗಾದರೂ ಹೋಗಿ ಒಂದು ಬಂಡೆಯ ಮೇಲೆ ಕಾಲು ಚಾಚಿ ಕೂರುವಂಥ ಭಾನುವಾರ. ಅಮ್ಮನಿಗೆ ಹೇಳಿದರೆ, "ಬಯಕೆ ಅನ್ನಾದು ಬಾಯಿಗೆ ಇರ್ಬೇಕು ಕಣಮ್ಮಿ, ಕಾಲಿಗಲ್ಲ. ಸುಮ್ಕೆ ಮಲಕ್ಕೊ," ಎಂದಳು.

ಮದುವೆಯಾಗಿ ಕೆಂಪಾಪುರಕ್ಕೆ ಹೋದಮೇಲೆ ನನ್ನ ವಾರವೆಲ್ಲ ಆರ್.ಟಿ. ನಗರದ ಕಣ್ಣಿನ ಆಸ್ಪತ್ರೆಯೊಂದರ ರಿಸೆಪ್ಷನ್ ಮೇಜಿನ ಹಿಂದೆ ಕಳೆಯುತ್ತಿತ್ತು. ಸುರೇಶನ ವಾರವೆಲ್ಲ ಬೇರೆಯವರ ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿಯಲ್ಲಿ. ಆದರೆ ಶನಿವಾರ ಸಂಜೆಯಾಯಿತೆಂದರೆ ನಮ್ಮಿಬ್ಬರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಂದಿ ಬೆಟ್ಟದ ಗೇಟು ತೆಗೆಯುವ ಮುಂಚೆ ಹೋಗಿ ಚಳಿಯಲ್ಲಿ ನಡುಗುತ್ತ ನಿಂತಿದ್ದೇವೆ. ರೈಲು ಹಳಿಯ ಪಕ್ಕ ನಡೆದು ಮಾಕಳಿದುರ್ಗ ಹತ್ತಿದ್ದೇವೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಚಿತ್ರಾನ್ನ ತಿಂದಿದ್ದೇವೆ. ಮಳೆ ಬಂದರೆ ಹೆಬ್ಬಾಳದ ಮಾಲಿನಲ್ಲಿ ಗಿಟಾರ್ ಬಾರಿಸುವ ಹುಡುಗರ ಮುಂದೆ ನಿಲ್ಲುತ್ತಿದ್ದೆವು. ಗಣೇಶನ ಹಬ್ಬದ ಕಾಲದಲ್ಲಿ ಒಂದು ಪೆಂಡಾಲಿನಿಂದ ಇನ್ನೊಂದು ಪೆಂಡಾಲಿಗೆ ಆರ್ಕೆಸ್ಟ್ರಾ ಹುಡುಕಿಕೊಂಡು ಅಲೆಯುತ್ತಿದ್ದೆವು. ಎದುರಿಗೆ ಕೂತು ಬಾರಿಸುವವರ ಬೆರಳು ನೋಡುತ್ತ ಹಾಡು ಕೇಳುವ ಹುಚ್ಚು ನನಗೆ.

ಒಂದು ಸಲ ಹೊಟ್ಟೆಯಲ್ಲಿ ನಿಂತದ್ದು ಉಳಿಯಲಿಲ್ಲ. ಎರಡನೆಯ ಸಲ ನಿಂತಾಗ ಡಾಕ್ಟರಮ್ಮ ಮಾಸು ಕೆಳಗಿದೆ ಎಂದರು. ಬೈಕು ಬೇಡ, ಮೆಟ್ಟಿಲು ಬೇಡ, ಕೆಲಸ ಬೇಡ, ಮಲಗಿರಿ. ಹೀಗಾಗಿ 2014ರ ದೀಪಾವಳಿ ಮುಗಿಯುತ್ತಿದ್ದಂತೆ ಸುರೇಶ ನನ್ನನ್ನು ಕಾರು ಮಾಡಿಸಿ ತವರಿಗೆ ತಂದು ಬಿಟ್ಟ. ಯಲಹಂಕ ದಾಟಿ ಹೆಸರಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ಇಳಿದು ಸ್ವಲ್ಪ ಒಳಗೆ ನಡೆದರೆ ನಮ್ಮ ಮನೆ. ಸುತ್ತ ಲೇಔಟುಗಳು ಎದ್ದಿದ್ದರೂ ಮನೆಯ ಹಿಂದೆ ಇನ್ನೂ ಒಂದು ತುಂಡು ಹೊಲ ಉಳಿದಿತ್ತು. ಅಪ್ಪ ಅಶ್ವತ್ಥಪ್ಪ ಅದರಲ್ಲಿ ಹಠಕ್ಕೆ ಬಿದ್ದವರ ಹಾಗೆ ರಾಗಿ, ಅವರೆ ಬೆಳೆಯುತ್ತಿದ್ದರು. ಹೊಲದ ಆಚೆಗೆ ಬೆಟ್ಟ.

ಬೆಟ್ಟ ಎಂದರೆ ದೊಡ್ಡದೇನಲ್ಲ. ಮೂರು ನಾಲ್ಕು ಬಂಡೆ ಒಂದರ ಮೇಲೊಂದು ಕೂತಿವೆ, ತುದಿಯಲ್ಲಿ ಒಂದು ಗೋಣಿ ಮರ. ಚಿಕ್ಕಂದಿನಲ್ಲಿ ಮೇಕೆಗಳ ಹಿಂದೆ ಹತ್ತುತ್ತಿದ್ದೆ. ದೊಡ್ಡವಳಾದ ಮೇಲೆ ಅಮ್ಮ ಬಿಡಲಿಲ್ಲ. ಊರ ಸುತ್ತಲಿನ ಬೆಟ್ಟವನ್ನೆಲ್ಲ ಹತ್ತಿಸಿದ ಗಂಡ ಇದೊಂದನ್ನು ಹತ್ತಿಸಿರಲಿಲ್ಲ. ಮಾವನ ಮನೆ ಹಿಂದಿನ ಬೆಟ್ಟಕ್ಕೆ ಯಾರು ಪೆಟ್ರೋಲ್ ಹಾಕಿಸುತ್ತಾರೆ? ಈಗ ಅದು ಕಣ್ಣೆದುರಿಗೇ ಇತ್ತು, ನಾನು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅದನ್ನು ನೋಡುತ್ತಿದ್ದೆ. ಸುರೇಶ ಭಾನುವಾರ ಮಧ್ಯಾಹ್ನ ಬರುತ್ತಿದ್ದ. ಬೆಳಿಗ್ಗೆ ಸ್ನೇಹಿತರ ಜೊತೆ ಹೋಗಿದ್ದ ಜಾಗದ ಫೋಟೋ ತೋರಿಸುತ್ತಿದ್ದ. ನಾನು ಫೋನನ್ನು ಅಮ್ಮನ ಸಾರಿನ ಪಾತ್ರೆಗೆ ಹಾಕದೇ ಇದ್ದದ್ದು ಅವನ ಪುಣ್ಯ.

ಇಂಥ ಒಂದು ಭಾನುವಾರ ಬೆಳಿಗ್ಗೆ ಹೊಲದ ಬದುವಿನ ಮೇಲೆ ಹಾರ್ಮೋನಿಯಂ ನಡೆದು ಬಂತು. ಕೌದಿಯಲ್ಲಿ ಸುತ್ತಿದ ಪೆಟ್ಟಿಗೆಯನ್ನು ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತುಕೊಂಡಿದ್ದವನು ಐವತ್ತು ದಾಟಿದ ಒಬ್ಬ ಗಟ್ಟಿ ಆಳು. ಹಿಂದೆ ದಪ್ಪು ನೇತುಹಾಕಿಕೊಂಡ ಮಗ. ಅವನ ಹಿಂದೆ ಇಳಕಲ್ ಸೀರೆಯ ಹೆಂಗಸು, ಕೈಯಲ್ಲಿ ಬುತ್ತಿ ಗಂಟು. ಹೆಂಗಸು ನನ್ನನ್ನು ನೋಡಿ ನಿಂತಳು.

"ತಂಗಿ, ಒಂದ್ ತಂಬಿಗಿ ನೀರು ಕೊಡವಾ. ಈ ಮನಶ್ಯಾ ಗುಡ್ಡಾ ಹತ್ತೂದ್ರಾಗ ಸಾಯ್ತಾನ."

ಹೀಗೆ ಪರಿಚಯ. ಗಂಡ ಪಂಚಪ್ಪ, ಪೀಣ್ಯದ ಕಡೆ ಒಂದು ಕಾರ್ಖಾನೆಯಲ್ಲಿ ವೆಲ್ಡರ್. ಹೆಂಡತಿ ಚಂದ್ರವ್ವ. ಮಗ ಚನ್ನು ಯಾವುದೋ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಬಾಗಲಕೋಟೆ ಕಡೆಯವರು, ಬಾಗಲಗುಂಟೆಯಲ್ಲಿ ಬಾಡಿಗೆ ಮನೆ. ವಾರಕ್ಕೊಂದು ಬೆಟ್ಟಕ್ಕೆ ಹೋಗಿ ಮೇಲೆ ಕೂತು ತತ್ವಪದ ಹಾಡಿ, ಬುತ್ತಿ ಉಂಡು ಇಳಿಯುವುದು ಇವರ ಭಾನುವಾರ. ನನಗಿಂತ ದೊಡ್ಡ ಹುಚ್ಚರು ಇದ್ದಾರೆಂದು ತಿಳಿದು ನನಗೆ ಎಂಥದೋ ಸಮಾಧಾನವಾಯಿತು.

"ಆ ಪೆಟ್ಟಿಗೆ ಹೊತ್ಕೊಂಡು ಯಾಕೆ ಅಷ್ಟು ಕಷ್ಟ ಪಡ್ತೀರ? ಮನೇಲೇ ಹಾಡ್ಬೋದಲ್ಲ?" ಎಂದು ಕೇಳಿದೆ.

ಪಂಚಪ್ಪ ನೀರು ಕುಡಿದು ಮೀಸೆ ಒರೆಸಿಕೊಂಡರು. "ಬಾಗಲಗುಂಟ್ಯಾಗ ಹಾಡಿದ್ರ ಮ್ಯಾಲಿನ ಮನಿಯವ್ರು ಬಡಿಗಿ ತಗೊಂಡು ನೆಲಾ ಕುಟ್ಟತಾರ್ರೀ. ಇಲ್ಲಿ ಹಾಡಿದ್ರ ಗುಡ್ಡ ತಿರುಗಿ ಹಾಡತೈತಿ. ಯಾವ್ದು ಚಲೋ ನೀವ ಹೇಳ್ರಿ."

ಅವರು ಹೇಳಿದ್ದು ನಿಜವಾಗಿತ್ತು. ಮೇಲಿನ ಎರಡು ಬಂಡೆಗಳ ನಡುವೆ ಒಂದು ಪೊಟರೆಯಂಥ ಜಾಗವಿದೆ. ಅಲ್ಲಿ ಕೂಗಿದರೆ ಕೂಗು ತಿರುಗಿ ಬರುತ್ತದೆ. ಚಂದ್ರವ್ವ ಒಂದು ಸಾಲು ಹಾಡಿ ಬಿಟ್ಟರೆ ಬೆಟ್ಟ ಅದರ ಬಾಲವನ್ನು ಹಿಡಿದು ಎಳೆಯುತ್ತಿತ್ತು. ಅಷ್ಟರಲ್ಲಿ ಹಾರ್ಮೋನಿಯಂ ಸೇರಿಕೊಳ್ಳುತ್ತಿತ್ತು. ಹಿತ್ತಿಲ ಕಲ್ಲಿನ ಮೇಲೆ ಕೂತ ನನಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ರಾಗ ಮಾತ್ರ ಕೇಳುತ್ತಿತ್ತು. ಒಮ್ಮೊಮ್ಮೆ ಗಾಳಿ ತಿರುಗಿ ಅದೂ ಹೋಗುತ್ತಿತ್ತು. ಆಗ ನನಗೆ ಅಳು ಬರುತ್ತಿತ್ತು, ಮರೆಮಾಚುವುದೇಕೆ. ಅಷ್ಟು ಹತ್ತಿರ ಇದ್ದೂ ಬೆರಳು ನೋಡಲಾಗದೆ, ದಪ್ಪಿನ ಪಕ್ಕ ಕೂರಲಾಗದೆ, ಅರ್ಧ ಹಾಡು ಕೇಳಿಕೊಂಡು ಕೂರುವುದು ಯಾವ ಕರ್ಮ?

ಅಪ್ಪ ಅವರನ್ನು ಮಾತಾಡಿಸುತ್ತಿರಲಿಲ್ಲ. ಬೇಡ ಎಂದೂ ಅನ್ನುತ್ತಿರಲಿಲ್ಲ. ಒಂದು ವಿಷಯ ಮಾತ್ರ ನಾನು ಗಮನಿಸಿದ್ದೆ: ಭಾನುವಾರ ಬೆಳಿಗ್ಗೆ ಅಪ್ಪನಿಗೆ ತಪ್ಪದೆ ಹೊಲದ ಆಚೆ ಬದುವಿನಲ್ಲೇ ಏನಾದರೂ ಕೆಲಸ ಬೀಳುತ್ತಿತ್ತು.

ಮುಂದಿನ ವಾರ ಚಂದ್ರವ್ವ ನನ್ನ ಪಕ್ಕ ಕಲ್ಲಿನ ಮೇಲೆ ಬಂದು ಕೂತಳು. ಹೊಟ್ಟೆ ನೋಡಿದಳು. ನಾನು ಎಲ್ಲ ಹೇಳಿಕೊಂಡೆ; ಹೋದದ್ದನ್ನೂ, ಇರುವುದನ್ನೂ, ಬೆಟ್ಟ ಹತ್ತುವ ಆಸೆಯನ್ನೂ. ಅಮ್ಮನಿಗೆ ಹೇಳಿದರೆ ಬೈಸಿಕೊಳ್ಳುವ ಮಾತನ್ನು ಗುರುತಿಲ್ಲದ ಹೆಂಗಸಿಗೆ ಹೇಳುವುದು ಎಷ್ಟು ಸುಲಭ.

"ಈಗ ಹತ್ತಬ್ಯಾಡ," ಎಂದಳು ಚಂದ್ರವ್ವ. "ಹಡದು ಎದ್ದ ಮ್ಯಾಲೆ ಕೂಸಿನ್ನ ಬಗಲಾಗ ಎತ್ತಿಗೊಂಡು ಬಾ. ಬಂಡಿಗಲ್ಲಿನ ಮ್ಯಾಲೆ ಕುಂತು, ತೊಡಿ ಮ್ಯಾಲೆ ಹಾಕ್ಕೊಂಡು ನಾ ಜೋಗುಳಾ ಹಾಡ್ತೀನಿ. ಗುಡ್ಡಾ ಸುದ್ದಾ ನಿನ್ನ ಕೂಸಿಗೆ ಜೋಗುಳಾ ಹಾಡ್ತೈತಿ, ನೋಡಾಕಿಯಂತ."

"ಮರೀಬೇಡಿ," ಎಂದೆ.

"ನೀ ಮರೀಬ್ಯಾಡ."

ಅವತ್ತಿನಿಂದ ನನಗೆ ದಿನ ಸವೆಸುವುದು ಕಷ್ಟವಾಗಲಿಲ್ಲ. ಎಡಗಡೆ ತಿರುಗಿ ಮಲಗು ಎಂದರೆ ಮಲಗುತ್ತಿದ್ದೆ, ಮಾತ್ರೆ ನುಂಗು ಎಂದರೆ ನುಂಗುತ್ತಿದ್ದೆ. ಹೊಟ್ಟೆಯೊಳಗಿನದಕ್ಕೆ ಗುಟ್ಟಾಗಿ ಹೇಳುತ್ತಿದ್ದೆ: ಸ್ವಲ್ಪ ತಡಿ, ನಿನಗೊಂದು ಕಛೇರಿ ಗೊತ್ತಾಗಿದೆ.

ಡಿಸೆಂಬರಿನ ಎಳ್ಳಮಾವಾಸ್ಯೆ ಭಾನುವಾರವೇ ಬಂತು. ಅಪ್ಪ ಕತ್ತಲಿರುವಾಗಲೇ ಅವರೆಕಾಯಿ ಮೂಟೆ ಆಟೋಗೆ ಹಾಕಿಸಿಕೊಂಡು ಯಲಹಂಕದ ಮಾರ್ಕೆಟ್ಟಿಗೆ ಹೋಗಿದ್ದರು. ಅಮ್ಮ ಮಲಗಿದ್ದಳು. ನಾನು ಹಿತ್ತಿಲಿಗೆ ಬಂದಾಗ ಬೆಳಕು ಹರಿಯುತ್ತಿತ್ತು. ಹೊಲದಲ್ಲಿ ರಾಗಿ ಕೊಯ್ದಾಗಿತ್ತು, ಅವರೆ ಸಾಲುಗಳು ಮಾತ್ರ ನಿಂತಿದ್ದವು, ಇಬ್ಬನಿಗೆ ಸೊಗಡು ಗಮ್ಮೆನ್ನುತ್ತಿತ್ತು. ಸಾಲುಗಳ ನಡುವೆ ಮೂರು ಜನ ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಮುಂದೆ ಪಂಚಪ್ಪ, ಬುಟ್ಟಿಯಿಂದ ಏನನ್ನೋ ತೆಗೆದು ಎಡಕ್ಕೆ ಬಲಕ್ಕೆ ಚೆಲ್ಲುತ್ತ, "ಹುಲ್ಲುಲ್ಲಿಗೋ…" ಎಂದು ಕೂಗುತ್ತಿದ್ದರು. ಹಿಂದಿನಿಂದ ಚಂದ್ರವ್ವ ಮತ್ತು ಚನ್ನು ತಂಬಿಗೆಯಿಂದ ನೀರು ಚಿಮುಕಿಸುತ್ತ, "ಚಲ್ಲಂಬ್ರಿಗೋ…" ಎಂದು ಉತ್ತರ ಕೊಡುತ್ತಿದ್ದರು. ಒಂದು ಕೂಗಿಗೆ ಒಂದು ಉತ್ತರ. ಅರ್ಥವಾಗದಿದ್ದರೂ ನನ್ನ ಮೈಮೇಲಿನ ರೋಮವೆಲ್ಲ ಎದ್ದು ನಿಂತಿತು. ಅವರ ಕಡೆಯ ಹಬ್ಬವೇನೋ ಎಂದುಕೊಂಡೆ. ಅವತ್ತು ಅವರು ಮೇಲೆ ಹತ್ತಿ ಹಾಡಿದ್ದು ಎಂದಿಗಿಂತ ಚೆನ್ನಾಗಿತ್ತು.

ಅಪ್ಪ ವಾಪಸ್ ಬರುವ ಹೊತ್ತಿಗೆ ಅವರು ಇಳಿದು ಹೋಗಿದ್ದರು. ಅಪ್ಪ ಕೈಕಾಲು ತೊಳೆದು ಹೊಲಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಕೂಗು ಕೇಳಿ ಅಮ್ಮ ಓಡಿದಳು. ನಾನೂ ಹೊಟ್ಟೆ ಹಿಡಿದುಕೊಂಡು ಹಿತ್ತಿಲ ಬೇಲಿಯವರೆಗೆ ಹೋದೆ.

ಹೊಲದ ಮೂಲೆಯಲ್ಲಿ, ಹೊಂಗೆ ಮರದ ಬುಡದಲ್ಲಿ, ಸುಣ್ಣ ಬಳಿದ ಐದು ಕಲ್ಲು. ಕಲ್ಲಿನ ಮೇಲೆ ಅರಿಶಿನ, ಕುಂಕುಮ. ಮುಂದೆ ಮಡಿಸಿಟ್ಟ ಹಸಿರು ಕುಪ್ಪಸದ ಬಟ್ಟೆ, ಅದರ ಮೇಲೆ ಹಸಿರು ಬಳೆ. ಸಾಲುಗಳ ತುಂಬ ಅನ್ನದ ಅಗುಳು, ಎಳ್ಳು, ಮುರಿದ ಕಡುಬು. ಅಮಾವಾಸ್ಯೆಯ ದಿನ, ಮನೆಯಲ್ಲಿ ತುಂಬಿದ ಬಸುರಿ ಇರುವಾಗ, ನಮ್ಮ ಕಡೆಯ ಯಾರಿಗೇ ತೋರಿಸಿದರೂ ಒಂದೇ ಮಾತು ಹೇಳುತ್ತಾರೆ. ಅಪ್ಪ ಅದನ್ನೇ ಹೇಳಿದರು.

"ಮಾಟ! ನನ್ ಒಲ್ದಲ್ಲಿ ಮಾಟ ಮಾಡವ್ರೆ!"

"ಮಾಟ ಅಲ್ಲಪ್ಪ," ಎಂದೆ. "ಬೆಳಿಗ್ಗೆ ನಾನೇ ನೋಡಿದೆ. ಹಾಡೋರು. ಏನೋ ಪೂಜೆ, ಕೂಗ್ಕೊಂಡು ಕೂಗ್ಕೊಂಡು ಚೆಲ್ಲಿದ್ರು."

ನಾನು ಬಾಯಿ ಮುಚ್ಚಿಕೊಂಡಿದ್ದರೇ ಚೆನ್ನಾಗಿತ್ತು. ಅಪ್ಪನ ಮುಖ ಇನ್ನಷ್ಟು ಬಿಳಿಚಿಕೊಂಡಿತು. "ಕೂಗ್ ಬೇರೆ ಕೂಗವ್ರಾ? ಯಾರ್ ಎಸ್ರು ಕೂಗಿದ್ರು? ನಿನ್ ಎಸ್ರಾ?"

ಅಮ್ಮ ಎದೆ ಬಡಿದುಕೊಂಡಳು. ಅಪ್ಪ ಅಂಥ ಅಂಜುಬುರುಕರಲ್ಲ. ರಸ್ತೆ ಅಗಲ ಮಾಡಲು ಬಂದ ಜೆಸಿಬಿಯ ಮುಂದೆ ಮಲಗಿದವರು. ಆದರೆ ಹಿಂದಿನ ಸಲ ನಾನು ಆಸ್ಪತ್ರೆಯಿಂದ ಬರಿ ಮಡಿಲಲ್ಲಿ ಬಂದಾಗ ಬಾಗಿಲಲ್ಲಿ ನಿಂತು ಅತ್ತವರೂ ಅವರೇ. ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಅದಕ್ಕೇ ಅವತ್ತು ಹೆಚ್ಚು ಜಗಳಾಡಲಾಗಲಿಲ್ಲ.

ಸಂಜೆಯೊಳಗೆ ಊರ ಪೂಜಾರಿ ನರಸಿಂಹಯ್ಯ ಬಂದರು. ಐದು ಕಲ್ಲನ್ನೂ ಬಿದಿರ ಕೋಲಿನಿಂದ ದೂರ ತಳ್ಳಿದರು. ಬಳೆ, ಬಟ್ಟೆಯನ್ನು ಸುಟ್ಟರು. ನನ್ನ ತಲೆಯ ಸುತ್ತ ಬೂದುಗುಂಬಳಕಾಯಿ ಇಳಿ ತೆಗೆದು ದಾರಿಯಲ್ಲಿ ಒಡೆದರು. ಬೆಟ್ಟಕ್ಕೆ ಹೋಗುವ ಬದುವಿಗೆ ಅಡ್ಡಲಾಗಿ ಅಪ್ಪ ಜಾಲಿಮುಳ್ಳಿನ ಬೇಲಿ ಹಾಕಿದರು. ನರಸಿಂಹಯ್ಯ ಅದರ ಗೂಟ ಗೂಟಕ್ಕೂ ಕುಂಕುಮ ಮೆತ್ತಿದ ನಿಂಬೆಹಣ್ಣು ಚುಚ್ಚಿದರು.

ಮುಂದಿನ ಭಾನುವಾರ ಹಾರ್ಮೋನಿಯಂ ಬಂದು ಬೇಲಿಯ ಮುಂದೆ ನಿಂತಿತು. ಅಪ್ಪ ಕಾಯುತ್ತಲೇ ಇದ್ದರು, ಕೈಯಲ್ಲಿ ಕುಡುಗೋಲು.

"ಅಲ್ಲೇ ನಿಂತ್ಕೊಳ್ರಿ! ನನ್ ಮಗ್ಳು ಬಸುರಿ ಅವ್ಳೆ. ಅವ್ಳು ನಿಮ್ಗೇನ್ ಮಾಡಿದ್ಳು? ನೀರ್ ಕೊಟ್ಟಿದ್ದೇ ತಪ್ಪಾ?"

ಪಂಚಪ್ಪ ನಿಂಬೆಹಣ್ಣನ್ನು ನೋಡಿದರು. ತಲೆಯ ಮೇಲಿನ ಪೆಟ್ಟಿಗೆಯನ್ನು ನಿಧಾನವಾಗಿ ಇಳಿಸಿ ನೆಲದ ಮೇಲಿಟ್ಟರು. ಅರ್ಥವಾದದ್ದು ಮೊದಲು ಚಂದ್ರವ್ವನಿಗೆ. ಅವಳು ಕೈ ಬಾಯಿಗೆ ಒತ್ತಿಕೊಂಡಳು.

"ಅಯ್ಯ ಯಣ್ಣಾ, ಅದು ಚರಗಾ ಚೆಲ್ಲೂದ್ರಿ! ಅಮಾಸಿಗೆ ಭೂಮಿತಾಯಿ ಬಸುರಿ ಇರ್ತಾಳ್ರಿ, ಬೆಳಿ ಹೊತ್ತಿರ್ತಾಳ. ಬಸುರಿಗೆ ಉಡಿ ತುಂಬಿ ಉಣಸೂದಿಲ್ಲೇನ್ರಿ ನಾವು? ಹಂಗ ಆಕಿಗೂ ಉಣಸ್ತೇವಿ. ಖಣಾ, ಬಳಿ ಎಲ್ಲಾ ಆಕಿಗೇರಿ. ಆ ಐದು ಕಲ್ಲು ಪಾಂಡವ್ರು. ಇಷ್ಟು ದಿನ ನಿಮ್ಮ ಹೊಲದಾಗ ಹಾದು ಹೋಗೇವಿ, ನಿಮ್ಮ ನೀರು ಕುಡದೇವಿ…"

"ಉಣ್ಸೋದಿದ್ರೆ ನಿಮ್ ಒಲಕ್ಕೆ ಉಣ್ಸ್ಕೊಳ್ರಿ! ನನ್ ಒಲಕ್ಕೆ ಅನ್ನ ಆಕೋಕೆ ನೀವ್ಯಾರು?"

ಚಂದ್ರವ್ವ ಗಂಡನ ಕಡೆ ತಿರುಗಿದಳು. ಪಂಚಪ್ಪನೇ ಹೇಳಿದರು, ಯಾವ ಕೋಪವೂ ಇಲ್ಲದೆ. "ನಮ್ಮ ಹೊಲಾ ಆಲಮಟ್ಟಿ ಹಿನ್ನೀರಾಗ ಹೋತ್ರಿ. ಅದಕ ವರ್ಷಾ ಯಾರದರ ಹೊಲದಾಗ ಚೆಲ್ತೇವಿ. ನಮ್ಮ ಕಡೆ ಇದನ್ನ ಯಾರೂ ಕೇಳಿ ಮಾಡೂದಿಲ್ರಿ, ಯಾರೂ ಬ್ಯಾಡ ಅನ್ನೂದೂ ಇಲ್ಲ. ಇಲ್ಲಿ ಕೇಳಬೇಕಾಗಿತ್ತು. ತಪ್ಪಾತ್ರಿ."

ನಾನು ಹಿತ್ತಿಲಿನಿಂದ ಕಿರುಚುತ್ತಿದ್ದೆ. "ಅಪ್ಪ, ಕೇಳಿಸ್ತಾ ಇಲ್ವಾ ಅವ್ರು ಹೇಳ್ತಿರೋದು? ಬಿಡಪ್ಪ ಅವ್ರನ್ನ! ಹಾಡ್ಲಿ ಬಿಡು!" ಅಮ್ಮ ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಳು. ನನ್ನನ್ನು ಸುಮ್ಮನಾಗಿಸಿದ್ದು ಅಮ್ಮನಲ್ಲ, ಬೇಲಿಯಾಚೆಯಿಂದ ಚಂದ್ರವ್ವ.

"ಬಾಯಿ ಮಾಡಬ್ಯಾಡ ತಂಗಿ. ಹೊಟ್ಟಿ ಗಟ್ಟಿ ಹಿಡಕೊಂಡು ಒಳಗ ಹೋಗು. ನಿಮ್ಮಪ್ಪ ನಿನ್ನ ಸಲುವಾಗೇ ಬೈಯಾಕ ಹತ್ಯಾನ."

ಹೊರಡುವ ಮುಂಚೆ ಅವಳು ಬುತ್ತಿ ಗಂಟನ್ನು ಬೇಲಿಯಾಚೆ ಕಲ್ಲಿನ ಮೇಲಿಟ್ಟು ನನ್ನ ಕಡೆ ಬೆರಳು ತೋರಿಸಿದಳು. ಹಾರ್ಮೋನಿಯಂ ಮತ್ತೆ ತಲೆಗೇರಿತು. ಬಂದ ದಾರಿಯಲ್ಲೇ ಹೋಗಿ ರಸ್ತೆಯ ತಿರುವಿನಲ್ಲಿ ಮರೆಯಾಯಿತು. ಅಪ್ಪ ಗಂಟನ್ನು ಕೋಲಿನಲ್ಲಿ ಎತ್ತಿ ತಂದು ನಮ್ಮ ನಾಯಿ ಕರಿಯನ ಮುಂದೆ ಹಾಕಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹೋಳಿಗೆ. ನನ್ನ ಬಾಯಲ್ಲಿ ನೀರೂರುತ್ತಿತ್ತು, ಕಣ್ಣಲ್ಲೂ ಅದೇ. ಕರಿಯ ಒಂದು ಚೂರೂ ಬಿಡದೆ ತಿಂದು ಮಲಗಿತು. ಅಪ್ಪ ಅದು ಸಾಯುತ್ತದೆಂದು ಸಂಜೆಯವರೆಗೂ ಅದರ ಪಕ್ಕದಲ್ಲೇ ಕಾದರು. ಅದು ಎದ್ದು ಬಾಲ ಅಲ್ಲಾಡಿಸಿ ಇನ್ನಷ್ಟು ಕೇಳಿತು.

ಆಮೇಲಿನ ಭಾನುವಾರಗಳಲ್ಲಿ ಬೆಟ್ಟ ಮೂಕಾಗಿ ಕೂತಿತ್ತು. ನಾನು ಕಲ್ಲಿನ ಮೇಲೆ ಕೂರುತ್ತಿದ್ದೆ. ಕರಿಯ ಮುಳ್ಳುಬೇಲಿಯ ಹತ್ತಿರ ಹೋಗಿ ರಸ್ತೆ ನೋಡುತ್ತ ಕೂರುತ್ತಿತ್ತು. ಅದಕ್ಕೆ ಭಾನುವಾರ ಹೇಗೆ ಗೊತ್ತಾಗುತ್ತಿತ್ತೋ ನನಗೆ ತಿಳಿಯದು. ಸುರೇಶ ಪಾಪ, ಫೋನಿನಲ್ಲಿ ಹುಡುಕಿ ಹುಡುಕಿ ತತ್ವಪದ ಹಾಕಿ ಕಿವಿಗೆ ಕೊಟ್ಟ. ಹಾಡು ಚೆನ್ನಾಗಿಯೇ ಇತ್ತು, ಆದರೆ ಅದರಲ್ಲಿ ಬೆಟ್ಟ ಇರಲಿಲ್ಲ. ಅಪ್ಪನ ಜೊತೆ ನಾನು ಮಾತು ಬಿಟ್ಟಿದ್ದೆ. ಅಪ್ಪನೂ ಮಾತಾಡಿಸುವ ಗೋಜಿಗೆ ಬರಲಿಲ್ಲ. ದಿನಾ ಬೆಳಿಗ್ಗೆ ನಿಂಬೆಹಣ್ಣು ಬಾಡಿದೆಯೇ ನೋಡಿ ಬರುತ್ತಿದ್ದರು, ಅಷ್ಟೇ.

ಫೆಬ್ರವರಿಯಲ್ಲಿ ಯಲಹಂಕದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗಳನ್ನು ತೆಗೆದರು. ಗಟ್ಟಿ ಮಗು, ಇನ್ನೂ ಗಟ್ಟಿ ಗಂಟಲು. ಮನೆಗೆ ಬಂದಮೇಲೆ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಳು ಶುರು ಮಾಡುತ್ತಿದ್ದಳು. ಬಜೆ ತೇಯ್ದು ನೆಕ್ಕಿಸಿದರೂ ಇಲ್ಲ, ಅಮ್ಮ ಬೆನ್ನು ತಟ್ಟಿದರೂ ಇಲ್ಲ. ಒಂದು ಸಂಜೆ ಅಪ್ಪ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನಾನು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದೆ.

ಅಪ್ಪ ಒಗೆಯುವ ಕಲ್ಲಿನ ಮೇಲೆ ಕೂತು ಮಗುವನ್ನು ಎದೆಗಾನಿಸಿಕೊಂಡು ಗುನುಗುತ್ತಿದ್ದರು. ಜನ್ಮದಲ್ಲಿ ಒಂದು ಸಾಲು ಹಾಡದ ಮನುಷ್ಯ. ಮಾತಿಲ್ಲದ ಬರಿಯ ರಾಗ, ಅಲ್ಲಲ್ಲಿ ಅಪಸ್ವರ. ಆದರೂ ಗುರುತು ಹಿಡಿಯಲು ನನಗೆ ಅರೆಗಳಿಗೆ ಸಾಕಾಯಿತು. ಪಂಚಪ್ಪ ಬಂಡೆಯ ಮೇಲೆ ಕೂತು ಹಾಡು ಶುರು ಮಾಡುವ ಮುಂಚೆ ಪ್ರತಿ ಸಲ ನುಡಿಸುತ್ತಿದ್ದ ರಾಗ ಅದು. ಭಾನುವಾರ ಆಚೆ ಬದುವಿನಲ್ಲಿ ಅಪ್ಪನಿಗಿದ್ದ ಕೆಲಸ ಏನೆಂದು ಆಗ ತಿಳಿಯಿತು.

"ಅಪ್ಪ," ಎಂದೆ. ಎಷ್ಟೋ ದಿನದ ಮೇಲೆ.

ಅಪ್ಪ ತಿರುಗಿ ನೋಡಲಿಲ್ಲ. "ನಿನ್ ಗಂಡನ್ ಬೈಕ್ ಸುಮ್ಕೆ ನಿಂತದಲ್ಲ, ಬಾಗಲಗುಂಟೆಗೆ ಒಂದ್ ದಪ ಓಗ್ ಬರಕ್ಕೇಳು," ಎಂದರು. "ಮುಳ್ ಬೇಲಿ ಕಿತ್ತಾಕಿವ್ನಿ ಅಂತ ಏಳ್ಲಿ."

ಬೇಲಿ ಇನ್ನೂ ಕಿತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಏಳುವ ಮುಂಚೆ ಕಿತ್ತು ಸುಟ್ಟಿದ್ದರು.

ಸುರೇಶ ಹೋದ. ಬಾಗಲಗುಂಟೆ ಎಂದರೆ ಒಂದು ಬೀದಿಯೇ? ಹಾಲಿನ ಬೂತು, ಬಸ್‌ಸ್ಟಾಪು, ಹಿಟ್ಟಿನ ಗಿರಣಿಗಳಲ್ಲಿ ಹಾರ್ಮೋನಿಯಂ ಪಂಚಪ್ಪನವರ ಮನೆ ಎಲ್ಲಿ ಎಂದು ಕೇಳಿಕೊಂಡು ಮೂರು ಶನಿವಾರ ಅಲೆದ. ಕೊನೆಗೆ ಮನೆ ಸಿಕ್ಕಿತು, ಮನೆಯವರು ಸಿಗಲಿಲ್ಲ. ಪಂಚಪ್ಪನ ಕಾರ್ಖಾನೆ ಮುಚ್ಚಿತಂತೆ, ಹೊಸಪೇಟೆಯ ಕಡೆ ಕೆಲಸ ಸಿಕ್ಕಿ ಯುಗಾದಿಗೆ ಮುಂಚೆಯೇ ಮನೆ ಖಾಲಿ ಮಾಡಿದರಂತೆ. ಫೋನ್ ನಂಬರು ಮಾಲೀಕರ ಹತ್ತಿರವೂ ಇರಲಿಲ್ಲ. "ಆ ಪೆಟ್ಟಿಗೆ ಒಂದು, ನನ್ ತಲೆ ತಿಂದ್ಬಿಟ್ಟಿತ್ತು," ಎಂದು ಮೇಲಿನ ಮನೆಯ ಹೆಂಗಸು ಹೇಳಿ, ಮತ್ತೆ ತಾನೇ, "ಈಗ ಮನೆ ಭಣಭಣ ಅನ್ಸುತ್ತೆ," ಎಂದಳಂತೆ.

ಅಪ್ಪನಿಗೆ ಹೇಳಿದಾಗ ಅವರು ಊಟದ ತಟ್ಟೆಯ ಮುಂದಿದ್ದರು. ಒಂದು ತುತ್ತು ಮುದ್ದೆ ಕೈಯಲ್ಲೇ ಉಳಿಯಿತು. "ಒಸಪೇಟೆ ಅಂದ್ರೆ ಎಷ್ಟ್ ದೂರ?" ಎಂದು ಮಾತ್ರ ಕೇಳಿದರು. ಸುರೇಶ ಹೇಳಿದ. ಅಪ್ಪ ಆಮೇಲೆ ಆ ಮಾತು ಎತ್ತಲಿಲ್ಲ.

ನಾನು ಕೆಂಪಾಪುರಕ್ಕೆ ವಾಪಸಾದೆ, ಕೆಲಸಕ್ಕೂ ಸೇರಿದೆ. ಮಗುವನ್ನು ಎತ್ತಿಕೊಂಡು ಮತ್ತೆ ಭಾನುವಾರಗಳ ತಿರುಗಾಟ ಶುರುವಾಯಿತು. ಗಣೇಶನ ಪೆಂಡಾಲಿನ ಮುಂದೆ ಆರ್ಕೆಸ್ಟ್ರಾ ಗದ್ದಲಕ್ಕೆ ಮಗಳು ಕೈ ಬಡಿದಳು. ನನಗೆ ಬೇಕಿದ್ದದ್ದೆಲ್ಲ ಸಿಕ್ಕಿತ್ತು. ಆದರೆ ಯಾವ ಬೆಟ್ಟದ ಮೇಲೆ ಕೂತರೂ ತೊಡೆಯ ಮೇಲಿನ ಮಗುವನ್ನು ಯಾರೋ ಕೇಳಿ ತೆಗೆದುಕೊಳ್ಳಬೇಕಿತ್ತು ಎನಿಸಿ ಸುತ್ತ ನೋಡುತ್ತಿದ್ದೆ. ಮನೆಯ ಹಿಂದಿನ ಬೆಟ್ಟವನ್ನು ಮಾತ್ರ ಹತ್ತಲಿಲ್ಲ. ಮಾತು ಕೊಟ್ಟವರು ಇಲ್ಲದೆ ಹತ್ತುವುದು ಹೇಗೆಂದು ತಿಳಿಯಲಿಲ್ಲ.

ಮಾರನೆಯ ವರ್ಷದ ಎಳ್ಳಮಾವಾಸ್ಯೆ ಜನವರಿಯಲ್ಲಿ, ಶನಿವಾರ ಬಂತು. ಹಿಂದಿನ ದಿನ ಅಮ್ಮ ಫೋನು ಮಾಡಿದಳು. "ನಿಮ್ಮಪ್ಪನ್ಗೆ ಏನ್ ಬಂದದೋ ಕಾಣೆ ಕಣಮ್ಮಿ. ಕಡುಬು ಮಾಡು ಅಂತವ್ರೆ. ಎಳ್ ಆಕ್ಬೇಕಂತೆ. ಮಗಿನ್ ಕರ್ಕೊಂಡ್ ಬರ್ಬೇಕಂತೆ, ಬೆಳಕರ್ಯೋದ್ರೊಳ್ಗೆ."

ನಾವು ಬಂದಾಗ ಅಪ್ಪ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಹೊಲದಲ್ಲಿ ನಿಂತಿದ್ದರು. ಹೊಂಗೆ ಮರದ ಬುಡದಲ್ಲಿ ಐದು ಕಲ್ಲು ಮತ್ತೆ ಕೂತಿದ್ದವು, ಸುಣ್ಣ ಬಳಿದುಕೊಂಡು, ಸ್ವಲ್ಪ ಸೊಟ್ಟಗೆ. ಮುಂದೆ ಹಸಿರು ಕುಪ್ಪಸದ ಬಟ್ಟೆ, ಹಸಿರು ಬಳೆ. ಅವರೆ ಸಾಲುಗಳು ಹೂವು ಕಾಯಿ ತುಂಬಿಕೊಂಡು ನಿಂತಿದ್ದವು. ಅಪ್ಪನ ಕೈಯಲ್ಲಿ ಕಡುಬು ಅನ್ನ ತುಂಬಿದ ಬುಟ್ಟಿ. ನನ್ನನ್ನು ನೋಡಿ ಅವರ ಮುಖ ಕಳ್ಳನ ಮುಖವಾಯಿತು.

"ಅವತ್ತು ಅವ್ರು ಏನಂತ ಕೂಗಿದ್ರು?"

ಹೇಳಿಕೊಟ್ಟ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡರು. ಬುಟ್ಟಿಗೆ ಕೈ ಹಾಕಿ, ಒಂದು ಹಿಡಿ ಎತ್ತಿ, ಸಾಲಿನೊಳಕ್ಕೆ ಚೆಲ್ಲಿ, ಜೆಸಿಬಿಯವನನ್ನು ಹೆದರಿಸಿದ ಅದೇ ಗಂಟಲಿನಲ್ಲಿ ಕೂಗಿದರು. "ಉಲ್ಲುಲ್ಲಿಗೋ…"

ಬೆಟ್ಟ ಅದನ್ನು ಕೇಳಿಸಿಕೊಂಡು ಹಾಗೆಯೇ ವಾಪಸ್ ಹೇಳಿತು. "…ಲ್ಲಿಗೋ…" ಉತ್ತರ ಬೆಟ್ಟಕ್ಕೆ ಗೊತ್ತಿರಲಿಲ್ಲ. ಅಪ್ಪ ಹಿಂದಿರುಗಿ ನೋಡಿದರು. ಅವರ ಹಿಂದೆ ನೀರು ಚಿಮುಕಿಸುವವರು ಯಾರೂ ಇರಲಿಲ್ಲ. ಬುಟ್ಟಿ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. ಆಗ ನಾನು ಅಮ್ಮನ ಕೈಯಿಂದ ತಂಬಿಗೆ ಕಿತ್ತುಕೊಂಡು, ಮಗಳನ್ನು ಬಗಲಿಗೆ ಏರಿಸಿಕೊಂಡು, ಅಪ್ಪನ ಹಿಂದೆ ಹೋಗಿ ನಿಂತೆ.

"ಚಲ್ಲಂಬ್ರಿಗೋ…"

ಹೊಲದ ಈ ತುದಿಯಿಂದ ಆ ತುದಿಗೆ ಹೋದೆವು. ಅಪ್ಪ ಕೂಗಿದರು, ನಾನು ಉತ್ತರ ಕೊಟ್ಟೆ. ಅಮ್ಮನೂ ಸುರೇಶನೂ ಒಬ್ಬರಾದ ಮೇಲೊಬ್ಬರು ಸೇರಿಕೊಂಡರು. ಕರಿಯ ಚೆಲ್ಲಿದ್ದನ್ನು ತಿನ್ನುತ್ತ ಹಿಂದೆ ಬಂತು, ಯಾರೂ ಓಡಿಸಲಿಲ್ಲ. ಆಚೆ ಬದುವಿಗೆ ಬಂದಾಗ ಬುಟ್ಟಿಯಲ್ಲಿ ಒಂದು ಹಿಡಿ ಉಳಿದಿತ್ತು. ಅಲ್ಲಿಂದ ಬೆಟ್ಟದ ದಾರಿ ಏರುತ್ತದೆ. ಅಪ್ಪ ಆ ದಾರಿಯನ್ನು ನೋಡಿದರು, ಆಮೇಲೆ ರಸ್ತೆಯ ತಿರುವನ್ನು ನೋಡಿದರು.

"ಕೇಳಿಸಿರ್ತದಾ ಅವ್ರಿಗೆ?" ಎಂದು ಕೇಳಿದರು.

"ಹೊಸಪೇಟೆ ತುಂಬ ದೂರ ಅಪ್ಪ."

ಅಪ್ಪ ತಲೆದೂಗಿದರು. ಮಗಳನ್ನು ನನ್ನ ಬಗಲಿನಿಂದ ತೆಗೆದು ತಮ್ಮ ಹೆಗಲ ಮೇಲೆ ಕೂರಿಸಿಕೊಂಡು ಬೆಟ್ಟದ ದಾರಿಗೆ ಕಾಲಿಟ್ಟರು.

"ಬಾ, ಮ್ಯಾಕೋಗಿ ಇನ್ನೊಂದ್ ಸಲ ಕೂಗಾನ," ಎಂದರು.